ಸಹಿ ಹಾಕಿದರೂ ಹೋಗದ ಹಕ್ಕುಗಳು

ಪ್ಲೇಸ್‌ಮೆಂಟ್ ಸೀಸನ್ ಬಂತು ಅಂದ್ರೆ ಕ್ಯಾಂಪಸ್ಸಿನಲ್ಲಿ ಎಲ್ಲಿ ನೋಡಿದರೂ ಪ್ಯಾಕೇಜಿನದ್ದೇ ಮಾತು. ಯಾವ ಕಂಪನಿ, ಎಷ್ಟು ಲಕ್ಷ, ಎಷ್ಟು ರೌಂಡು, ಕೋಡಿಂಗ್ ಟೆಸ್ಟಲ್ಲಿ ಏನು ಕೇಳಿದ್ರು, ಇದೆಲ್ಲಾ ಸೆಕೆಂಡ್ ಇಯರಿನಲ್ಲಿರೋ ನಮಗೂ ಈಗಾಗಲೇ ಬಾಯಿಪಾಠ. ಆದರೆ ಕೆಲಸ ಸಿಕ್ಕಿರೋ ಸೀನಿಯರ್ ಒಬ್ಬರನ್ನ ಹಿಡಿದು "ಅಣ್ಣ, ಅಗ್ರಿಮೆಂಟಲ್ಲಿ ಏನು ಬರೆದಿದ್ದಾರೆ?" ಅಂತ ಕೇಳಿ ನೋಡಿ. "ಅದನ್ನ ಯಾರು ಓದ್ತಾರೆ ಮಗ, ಎಲ್ಲರೂ ಸೈನ್ ಹಾಕಿದ್ರು, ನಾನೂ ಹಾಕಿದೆ" ಅನ್ನೋ ಉತ್ತರವೇ ಹೆಚ್ಚು.

ಅವರನ್ನ ಬೈಯೋಕೆ ಇದನ್ನ ಬರೀತಿಲ್ಲ. ಓದಿದ್ರೂ ಏನು ಮಾಡೋಕಾಗ್ತಿತ್ತು? ಇಪ್ಪತ್ತೊಂದು ವಯಸ್ಸು, ಮನೇಲಿ ಎಜುಕೇಶನ್ ಲೋನ್, ಎದುರಿಗೆ ಎಚ್.ಆರ್., ಹಿಂದೆ ಕ್ಯೂನಲ್ಲಿ ಇನ್ನೂ ಐವತ್ತು ಜನ. "ಏಳನೇ ಷರತ್ತಿಗೆ ನನ್ನ ಒಪ್ಪಿಗೆ ಇಲ್ಲ" ಅಂತ ಹೇಳೋ ಧೈರ್ಯ ಯಾರಿಗೆ ಬರುತ್ತೆ? ಕೈಯಲ್ಲಿ ದುಡ್ಡಿಲ್ಲದಾಗ ಚೌಕಾಸಿ ನಡೆಯಲ್ಲ ಅನ್ನೋದು ನಮ್ಮ ಶ್ರೀನಿವಾಸಪುರದ ಮಾವಿನ ರೈತರಿಗೆ ಚೆನ್ನಾಗಿ ಗೊತ್ತು. ಮರ ಹೂ ಬಿಟ್ಟಿರುವಾಗಲೇ ಮುಂಗಡ ತಗೊಂಡು ಫಸಲನ್ನ ವ್ಯಾಪಾರಿಗೆ ಬಿಟ್ಟುಕೊಡೋರು ರೇಟು ತಿಳೀದೆ ಹಾಗೆ ಮಾಡಲ್ಲ, ಆ ಹೊತ್ತಿಗೆ ಬೇರೆ ದಾರಿ ಇಲ್ಲದೆ ಮಾಡ್ತಾರೆ. ಕೆಲಸದ ಅಗ್ರಿಮೆಂಟೂ ಹಾಗೇ. ಒಬ್ಬರು ಬರೀತಾರೆ, ಇನ್ನೊಬ್ಬರು ಸಹಿ ಹಾಕ್ತಾರೆ.

ಈ ಪರಿಸ್ಥಿತಿ ಕಾನೂನಿಗೂ ಗೊತ್ತಿದೆ. ಅದಕ್ಕೇ ಕೆಲವು ಹಕ್ಕುಗಳನ್ನ ಕಾರ್ಮಿಕ ತಾನಾಗಿ "ಬಿಟ್ಟುಕೊಡ್ತೀನಿ" ಅಂತ ಬರೆದುಕೊಟ್ಟರೂ ಆ ಬರಹಕ್ಕೆ ಬೆಲೆ ಇಲ್ಲ ಅಂತ ಕಾನೂನು ಹೇಳುತ್ತೆ. ಈ ವಿಷಯ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಆದರೆ ಗೊತ್ತಾದ್ರೂ ಅಷ್ಟಕ್ಕೇ ಕೆಲಸ ಆಗಲ್ಲ, ಅಂಥ ಸಹಿಯನ್ನ ಕೇಳೋದನ್ನೇ ತಡೆಯೋ ವ್ಯವಸ್ಥೆ ಬೇಕು ಅನ್ನೋದು ನಮ್ಮ ವಾದ.

ನರಸಾಪುರದ ಪಾಠ

ಇದು ಬೆಂಗಳೂರಿನ ಐ.ಟಿ. ಪಾರ್ಕಿಗೆ ಹೋಗೋರ ಸಮಸ್ಯೆ ಅಂದುಕೊಳ್ಳಬೇಡಿ. ನಮ್ಮ ಹೋಳೂರು ಕಡೆಯಿಂದ, ಮುಳಬಾಗಿಲು, ಶ್ರೀನಿವಾಸಪುರ, ಮಾಲೂರಿನಿಂದ ನರಸಾಪುರ, ವೇಮಗಲ್ ಕೈಗಾರಿಕಾ ಪ್ರದೇಶಗಳಿಗೆ ದಿನಾ ಜನ ಕೆಲಸಕ್ಕೆ ಹೋಗ್ತಾರೆ. ನಮ್ಮ ಜೊತೆ ಹತ್ತನೇ ಕ್ಲಾಸ್ ಮುಗಿಸಿದ ಎಷ್ಟೋ ಜನ ಐ.ಟಿ.ಐ., ಡಿಪ್ಲೊಮಾ ಮಾಡಿ ಆಗಲೇ ಅಲ್ಲಿ ದುಡೀತಿದ್ದಾರೆ. ಅವರಲ್ಲಿ ಅನೇಕರಿಗೆ ಕೆಲಸ ಕೊಟ್ಟಿರೋದು ಕಂಪನಿಯಲ್ಲ, ಮಧ್ಯದಲ್ಲಿರೋ ಏಜೆನ್ಸಿ. ಸಹಿ ಹಾಕಿಸಿಕೊಂಡ ಕಾಗದ ಇಂಗ್ಲಿಷಿನದ್ದು. "ಇಂಡೆಮ್ನಿಟಿ", "ವೇವರ್", "ಲಿಕ್ವಿಡೇಟೆಡ್ ಡ್ಯಾಮೇಜಸ್" ಅನ್ನೋ ಮಾತುಗಳು ಎಲ್.ಕೆ.ಜಿ.ಯಿಂದ ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೇ ಅರ್ಥ ಆಗಲ್ಲ. ಸರ್ಕಾರಿ ಶಾಲೆಯಲ್ಲಿ ಕನ್ನಡದಲ್ಲಿ ಓದಿದ ಗೆಳೆಯನಿಗೆ ಆ ಕಾಗದ ಏನು ಹೇಳುತ್ತೆ?

2020ರ ಡಿಸೆಂಬರ್ 12ರ ಬೆಳಿಗ್ಗೆ ನರಸಾಪುರದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಏನಾಯಿತು ಅನ್ನೋದು ನಮ್ಮ ಜಿಲ್ಲೆಯ ಎಲ್ಲರಿಗೂ ನೆನಪಿದೆ. ಐಫೋನ್ ಜೋಡಿಸುವ ಕಾರ್ಖಾನೆ ಅದು. ಅಲ್ಲಿ ಬಹುಪಾಲು ಜನ ಗುತ್ತಿಗೆ ಕಾರ್ಮಿಕರು. ಶಿಫ್ಟ್ ಬದಲಾಗೋ ಹೊತ್ತಿಗೆ ಗಲಾಟೆ ಶುರುವಾಗಿ ಗಾಜು, ಯಂತ್ರ, ವಾಹನಗಳು ಪುಡಿಯಾದವು, ನೂರಕ್ಕೂ ಹೆಚ್ಚು ಜನರ ಬಂಧನವಾಯಿತು. ಆ ಹಿಂಸೆಯನ್ನ ನಾವು ಸಮರ್ಥಿಸಲ್ಲ. ಆದರೆ ಅದರ ಹಿಂದೆ ಏನಿತ್ತು ಅಂತಲೂ ನೋಡಬೇಕು. ತಿಂಗಳಿಗೆ 21,000 ರೂಪಾಯಿ ಅಂತ ಹೇಳಿ ಸೇರಿಸಿಕೊಂಡ ಎಂಜಿನಿಯರಿಂಗ್ ಪದವೀಧರರ ಸಂಬಳ 16,000ಕ್ಕೆ, ಆಮೇಲೆ 12,000ಕ್ಕೆ ಇಳಿದಿತ್ತು ಅಂತ ಆಗ ಪತ್ರಿಕೆಗಳು ವರದಿ ಮಾಡಿದ್ದವು. ಎಂಟು ಗಂಟೆಯ ಪಾಳಿ ಹನ್ನೆರಡು ಗಂಟೆಯದಾಗಿತ್ತು. ಸಂಬಳ, ಓವರ್‌ಟೈಮ್ ವಿಷಯದಲ್ಲಿ ಲೋಪಗಳಿವೆ ಅಂತ ಕಾರ್ಖಾನೆಗಳ ಇಲಾಖೆಯ ಪರಿಶೀಲನೆಯಲ್ಲೂ ಕಂಡುಬಂತು. ಕೆಲವರಿಗೆ ಸರಿಯಾಗಿ, ಸಮಯಕ್ಕೆ ಸಂಬಳ ಹೋಗಿಲ್ಲ ಅಂತ ಕಂಪನಿಯೇ ಒಪ್ಪಿಕೊಂಡು ಕ್ಷಮೆ ಕೇಳಿತು. ಆ್ಯಪಲ್ ಕಂಪನಿ ವಿಸ್ಟ್ರಾನ್‌ಗೆ ಹೊಸ ಕೆಲಸ ಕೊಡೋದನ್ನ ಸ್ವಲ್ಪ ಕಾಲ ನಿಲ್ಲಿಸಿತು. 2023ರಲ್ಲಿ ಆ ಕಾರ್ಖಾನೆಯನ್ನ ಟಾಟಾ ಕೊಂಡುಕೊಂಡಿತು.

ನಮ್ಮ ಗಮನ ಸೆಳೆಯೋದು ಒಂದು ವಿಷಯ. ಅಲ್ಲಿ ಕಾನೂನಿಗೇನೂ ಕೊರತೆ ಇರಲಿಲ್ಲ. ಓವರ್‌ಟೈಮಿಗೆ ಎರಡು ಪಟ್ಟು ಕೂಲಿ ಅಂತ 1948ರ ಕಾರ್ಖಾನೆ ಕಾಯ್ದೆಯಲ್ಲೇ ಇತ್ತು. ಹಕ್ಕು ಪುಸ್ತಕದಲ್ಲಿತ್ತು, ಅದನ್ನ ಕೇಳೋ ದಾರಿ ಮಾತ್ರ ಅವರಿಗೆ ಕಾಣಲಿಲ್ಲ.

ನಮ್ಮ ಕಡೆಯ ಕಾರ್ಮಿಕರು ಕಂಪನಿ ಕಾಗದದ ಮೇಲೆ ಗುರುತು ಹಾಕೋ ಮುಂಚೆ ಯೋಚಿಸಿದ್ದು ಇದೇ ಮೊದಲಲ್ಲ. 1930ರಲ್ಲಿ ಕೆ.ಜಿ.ಎಫ್. ಗಣಿಗಳಲ್ಲಿ ಕಾರ್ಮಿಕರ ಬೆರಳಚ್ಚು ತೆಗೆದು ದಾಖಲೆ ಮಾಡೋ ವ್ಯವಸ್ಥೆ ತಂದಾಗ ಸಾವಿರಾರು ಜನ ಕೆಲಸ ನಿಲ್ಲಿಸಿ ಮುಷ್ಕರ ಹೂಡಿದ್ದರು. ಹೆಚ್ಚಿನವರಿಗೆ ಓದೋಕೆ ಬರೆಯೋಕೆ ಬಾರದ ಕಾಲ ಅದು. ಆದರೂ ಆ ಬೆರಳಚ್ಚಿನಿಂದ ತಮಗೇನಾಗಬಹುದು ಅಂತ ಅವರು ಕೇಳಿದರು. ಸೆಮಿಸ್ಟರಿಗೆ ಆರು ಸಬ್ಜೆಕ್ಟ್ ಓದೋ ನಾವು ಒ.ಟಿ.ಪಿ. ಹಾಕಿ "ಐ ಅಗ್ರೀ" ಒತ್ತಿಬಿಡ್ತೀವಿ.

ಯಾವುದನ್ನ ಬಿಟ್ಟುಕೊಡೋಕೆ ಬರಲ್ಲ?

ಸ್ವಲ್ಪ ಕಾನೂನು ನೋಡೋಣ. ಕಷ್ಟ ಏನಿಲ್ಲ, ಥರ್ಮೋಡೈನಮಿಕ್ಸಿಗಿಂತ ಸುಲಭ.

ಮೊದಲನೆಯದು ಕನಿಷ್ಠ ವೇತನ. ಕನಿಷ್ಠ ವೇತನಕ್ಕಿಂತ ಕಮ್ಮಿಗೆ ಕೆಲಸ ಮಾಡ್ತೀನಿ ಅಂತ ಕಾರ್ಮಿಕ ಬರೆದುಕೊಟ್ಟರೂ ಅದು ಅಸಿಂಧು ಅಂತ 1948ರ ಕನಿಷ್ಠ ವೇತನ ಕಾಯ್ದೆಯ ಸೆಕ್ಷನ್ 25 ಹೇಳಿತ್ತು. ಅಸಿಂಧು ಅಂದ್ರೆ ಕಾನೂನಿನ ಕಣ್ಣಿಗೆ ಆ ಮಾತು ಬರೆದೇ ಇಲ್ಲ ಅಂತ. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರೋ ವೇತನ ಸಂಹಿತೆಯ ಸೆಕ್ಷನ್ 60ರಲ್ಲೂ ಇದೇ ತತ್ವ ಇದೆ. ಸಂಹಿತೆಯ ಪ್ರಕಾರ ಬರಬೇಕಾದ ಹಣವನ್ನೋ ಬೋನಸ್ಸನ್ನೋ ಬಿಟ್ಟುಕೊಡೋ ಯಾವ ಒಪ್ಪಂದವೂ ಅಷ್ಟರ ಮಟ್ಟಿಗೆ ಅಸಿಂಧು. "ಅಷ್ಟರ ಮಟ್ಟಿಗೆ" ಅನ್ನೋದು ಮುಖ್ಯ. ಇಡೀ ಅಗ್ರಿಮೆಂಟ್ ಬಿದ್ದುಹೋಗಲ್ಲ, ನಮ್ಮ ಕೆಲಸ ಹಾಗೇ ಇರುತ್ತೆ, ಆ ಸಾಲು ಮಾತ್ರ ಬೀಳುತ್ತೆ.

ಎರಡನೆಯದು ಗ್ರಾಚ್ಯುಟಿ, ಪಿ.ಎಫ್. ಥರದ ಹಣ. 1972ರ ಗ್ರಾಚ್ಯುಟಿ ಕಾಯ್ದೆಯಲ್ಲಿ, ಒಪ್ಪಂದದಲ್ಲಿ ಬೇರೆ ಏನೇ ಬರೆದಿದ್ದರೂ ಕಾಯ್ದೆಯ ಮಾತೇ ಮೇಲು ಅಂತ ಸ್ಪಷ್ಟವಾಗಿತ್ತು. ಪಿ.ಎಫ್. ಕಡ್ಡಾಯ ಇರೋ ಕಡೆ "ಪಿ.ಎಫ್. ಬೇಡ ಅಂತ ಬರೆದುಕೊಡಿ, ಕೈಗೆ ಜಾಸ್ತಿ ಕೊಡ್ತೀವಿ" ಅನ್ನೋ ಏರ್ಪಾಡು ನಡೆಯಲ್ಲ.

ಮೂರನೆಯದು ಕೋರ್ಟಿಗೆ ಹೋಗೋ ಹಕ್ಕು. 1872ರ ಭಾರತೀಯ ಕರಾರು ಕಾಯ್ದೆಯ ಸೆಕ್ಷನ್ 28ರ ಪ್ರಕಾರ, ನಮ್ಮ ಹಕ್ಕಿಗಾಗಿ ಕೋರ್ಟಿಗೆ ಹೋಗದ ಹಾಗೆ ಪೂರ್ತಿ ತಡೆಯೋ ಷರತ್ತು ಅಸಿಂಧು. ವ್ಯಾಜ್ಯವನ್ನ ಮೊದಲು ಮಧ್ಯಸ್ಥಗಾರರ ಮುಂದೆ ಇಡಬೇಕು ಅಂತ ಬರೆಯಬಹುದು. ಎಲ್ಲೂ ಹೋಗಲೇಬಾರದು ಅಂತ ಬರೆಯೋ ಹಾಗಿಲ್ಲ.

ನಾಲ್ಕನೆಯದು ಬೇರೆ ಕಡೆ ಕೆಲಸ ಮಾಡೋ ಹಕ್ಕು. ಅದೇ ಕಾಯ್ದೆಯ ಸೆಕ್ಷನ್ 27ರ ಪ್ರಕಾರ, ಕಂಪನಿ ಬಿಟ್ಟ ಮೇಲೂ "ಎರಡು ವರ್ಷ ನಮ್ಮ ಪ್ರತಿಸ್ಪರ್ಧಿಗಳ ಹತ್ತಿರ ಸೇರಬಾರದು" ಅನ್ನೋ ಷರತ್ತು ನಮ್ಮ ದೇಶದಲ್ಲಿ ಸಾಮಾನ್ಯವಾಗಿ ನಿಲ್ಲಲ್ಲ. ಕಂಪನಿಯ ಗುಟ್ಟುಗಳನ್ನ ಕಾಪಾಡಬೇಕಾದದ್ದು ನಿಜ, ಅದು ಬೇರೆ ವಿಷಯ.

ಇದೆಲ್ಲದರ ಹಿಂದಿರೋ ತತ್ವವನ್ನ ಸುಪ್ರೀಂ ಕೋರ್ಟ್ 1986ರಲ್ಲಿ ಸೆಂಟ್ರಲ್ ಇನ್‌ಲ್ಯಾಂಡ್ ವಾಟರ್ ಟ್ರಾನ್ಸ್‌ಪೋರ್ಟ್ ಕಾರ್ಪೊರೇಷನ್ ಪ್ರಕರಣದಲ್ಲಿ ಬಿಡಿಸಿ ಹೇಳಿತು. ಕಾರಣ ಕೊಡದೆ ಮೂರು ತಿಂಗಳ ನೋಟಿಸಿನಲ್ಲಿ ಕಾಯಂ ನೌಕರರನ್ನ ತೆಗೆದುಹಾಕುವ ನಿಯಮ ಆ ಸರ್ಕಾರಿ ಕಂಪನಿಯಲ್ಲಿತ್ತು. ಎರಡೂ ಕಡೆಯ ಬಲ ಸಮ ಇಲ್ಲದಾಗ, ಮುಂದಿಟ್ಟ ಫಾರಂಗೆ ಸಹಿ ಹಾಕದೆ ಬೇರೆ ದಾರಿ ಇಲ್ಲದಾಗ, ತೀರಾ ಅನ್ಯಾಯದ ಷರತ್ತನ್ನ "ನೀನೇ ಒಪ್ಪಿದ್ದೀಯಲ್ಲ" ಅಂತ ಹೇಳಿ ಹೇರೋಕೆ ಆಗಲ್ಲ ಅನ್ನೋದು ಆ ತೀರ್ಪಿನ ಸಾರ.

ಬಾಂಡ್ ಅನ್ನೋ ಗುಮ್ಮ

ಈಗ ನಮ್ಮೆಲ್ಲರ ಪ್ರಶ್ನೆಗೆ ಬರೋಣ. ಬಾಂಡ್ ಕಥೆ ಏನು?

"ಬಾಂಡ್ ಎಲ್ಲಾ ಸುಮ್ನೆ, ಕೋರ್ಟಲ್ಲಿ ನಿಲ್ಲಲ್ಲ" ಅಂತ ಹಾಸ್ಟೆಲ್ಲಿನಲ್ಲಿ ಹೇಳೋ ಮಾತನ್ನ ಪೂರ್ತಿ ನಂಬಬೇಡಿ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ವಿಜಯಾ ಬ್ಯಾಂಕ್ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಮೂರು ವರ್ಷ ಮುಗಿಯೋ ಮೊದಲು ಬಿಟ್ಟರೆ 2 ಲಕ್ಷ ರೂಪಾಯಿ ಕೊಡಬೇಕು ಅನ್ನೋ ಷರತ್ತು ಅದು. ಅಧಿಕಾರಿಯೊಬ್ಬರು 2009ರಲ್ಲಿ ರಾಜೀನಾಮೆ ಕೊಟ್ಟು, ಹಣ ಕಟ್ಟಿ, ಆಮೇಲೆ ಅದನ್ನ ಪ್ರಶ್ನಿಸಿದರು. ಕರ್ನಾಟಕ ಹೈಕೋರ್ಟಿನಲ್ಲಿ ಅವರು ಗೆದ್ದರು, ಸುಪ್ರೀಂ ಕೋರ್ಟಿನಲ್ಲಿ ಬ್ಯಾಂಕ್ ಗೆದ್ದಿತು. ಕೆಲಸದಲ್ಲಿರೋ ಅವಧಿಗೆ ಮಾತ್ರ ಅನ್ವಯಿಸೋ ಇಂಥ ಷರತ್ತು ಸೆಕ್ಷನ್ 27ಕ್ಕೆ ವಿರುದ್ಧವಲ್ಲ, ಸೀನಿಯರ್ ಮ್ಯಾನೇಜರ್ ಹುದ್ದೆಯಲ್ಲಿದ್ದವರಿಗೆ ಆ ಮೊತ್ತ ಅತಿಯೂ ಅಲ್ಲ ಅಂತ ಕೋರ್ಟ್ ಹೇಳಿತು.

ಅಂದ್ರೆ ಬಾಂಡಿನ ವಿಷಯದಲ್ಲಿ ಕೋರ್ಟ್ ನೋಡೋದು ನ್ಯಾಯವಾಗಿದೆಯಾ ಅಂತ. ಬಾಂಡಿನಲ್ಲಿ ಎಷ್ಟೇ ಮೊತ್ತ ಬರೆದಿದ್ದರೂ ನ್ಯಾಯವಾದಷ್ಟು ಪರಿಹಾರ ಮಾತ್ರ ಕೊಡಿಸಬಹುದು ಅಂತ ಕರಾರು ಕಾಯ್ದೆಯ ಸೆಕ್ಷನ್ 74 ಹೇಳುತ್ತೆ. ವರ್ಷಕ್ಕೆ 3.6 ಲಕ್ಷದ ಪ್ಯಾಕೇಜ್ ಅಂದ್ರೆ ತಿಂಗಳಿಗೆ 30,000. ಅದರಲ್ಲಿ 2 ಲಕ್ಷದ ಬಾಂಡ್ ಅಂದ್ರೆ ಸುಮಾರು ಏಳು ತಿಂಗಳ ದುಡಿಮೆ. ಬ್ಯಾಂಕಿನ ಸೀನಿಯರ್ ಮ್ಯಾನೇಜರಿಗೆ ಅತಿಯಲ್ಲ ಅನಿಸಿದ ಮೊತ್ತ ಫ್ರೆಶರ್‌ಗೆ ಕಾಲಿಗೆ ಕಟ್ಟಿದ ಗುಂಡು.

ಕೆಲಸ ಬಿಡೋದನ್ನೇ ಅಪರಾಧ ಮಾಡಿದ್ದ ಕಾಲವೂ ಇತ್ತು. ಮುಂಗಡ ತಗೊಂಡ ಕೂಲಿಯವನು ಕೆಲಸ ಮುಗಿಸದೆ ಹೋದರೆ ಜೈಲಿಗೆ ಹಾಕಬಹುದು ಅಂತ ಬ್ರಿಟಿಷರು 1859ರಲ್ಲಿ ಒಂದು ಕಾಯ್ದೆ ಮಾಡಿದ್ದರು. ಅದನ್ನ ರದ್ದು ಮಾಡೋಕೆ ತೀರ್ಮಾನ ಆಗಿದ್ದು 1925ರಲ್ಲಿ. 1976ರಲ್ಲಿ ಜೀತ ಪದ್ಧತಿ ರದ್ದತಿ ಕಾಯ್ದೆ ಬಂದು, ಜೀತದ ಒಪ್ಪಂದಗಳೆಲ್ಲ ಅಸಿಂಧು ಅಂತಾಯಿತು. ಈಗ ಜೈಲಿನ ಭಯ ಇಲ್ಲ. ಆದರೆ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಟುಕೊಳ್ಳೋದು, ಖಾಲಿ ಚೆಕ್ಕಿಗೆ ಸಹಿ ಕೇಳೋದು ಇವೆಲ್ಲ ನಮ್ಮ ಎದೆಯಲ್ಲಿ ಹುಟ್ಟಿಸೋ ಭಯ ಅದೇ ಜಾತಿಯದ್ದು. ಬಾಂಡಿಗೆ ನಮ್ಮ ವಿರೋಧ ಇಲ್ಲ, ಖರ್ಚಿಗೆ ಲೆಕ್ಕ ತೋರಿಸದ ಬಾಂಡಿಗೆ ವಿರೋಧ ಇದೆ.

ಹೋಗುವಾಗ ಕೇಳೋ ಸಹಿ

ಸೇರುವಾಗಿನ ಸಹಿಗಿಂತ ಹೋಗುವಾಗಿನ ಸಹಿ ಇನ್ನೂ ಕಷ್ಟದ್ದು. 2025ರ ಫೆಬ್ರವರಿಯಲ್ಲಿ ಇನ್ಫೋಸಿಸ್ ತನ್ನ ಮೈಸೂರು ಕ್ಯಾಂಪಸ್ಸಿನಿಂದ ಮುನ್ನೂರಕ್ಕೂ ಹೆಚ್ಚು ಟ್ರೈನಿಗಳನ್ನ ಕಳಿಸಿದ್ದು ದೊಡ್ಡ ಸುದ್ದಿಯಾಯಿತು. ಆಂತರಿಕ ಪರೀಕ್ಷೆ ಪಾಸು ಮಾಡೋಕೆ ಮೂರು ಅವಕಾಶ ಕೊಡ್ತೀವಿ, ಆಗದಿದ್ದರೆ ಮುಂದುವರಿಸಲ್ಲ, ಇದು ಕಾಂಟ್ರಾಕ್ಟಿನಲ್ಲೇ ಇದೆ ಅಂತ ಕಂಪನಿ ಹೇಳಿತು. ಒತ್ತಡ ಹಾಕಿ, "ಪರಸ್ಪರ ಒಪ್ಪಿಗೆಯಿಂದ ಬೇರ್ಪಡುತ್ತಿದ್ದೇವೆ" ಅನ್ನೋ ಪತ್ರಕ್ಕೆ ಸಹಿ ಹಾಕಿಸಿಕೊಂಡರು ಅಂತ ನೌಕರರ ಸಂಘಟನೆಯೊಂದು ದೂರು ಕೊಟ್ಟಿತು. ಪರಿಶೀಲಿಸುವಂತೆ ಕೇಂದ್ರ ಕಾರ್ಮಿಕ ಸಚಿವಾಲಯ ರಾಜ್ಯದ ಕಾರ್ಮಿಕ ಇಲಾಖೆಗೆ ಬರೆಯಿತು. ಯಾರು ಸರಿ ಅಂತ ಇಲ್ಲಿ ತೀರ್ಪು ಕೊಡೋಕೆ ನಾವು ಯಾರೂ ಅಲ್ಲ. ಆದರೆ ಎರಡು ಕಡೆಯ ಮಾತೂ ಕೊನೆಗೆ ಸಹಿಯ ಮೇಲೇ ಬಂದು ನಿಂತಿತು ಅನ್ನೋದನ್ನ ಗಮನಿಸಿ. ಅದೇ ದಿನ ಓದಿ, ಅದೇ ದಿನ ಸಹಿ ಹಾಕಿ ಹೊರಡಬೇಕಾದರೆ ಆ ಸಹಿಯನ್ನ ಒಪ್ಪಿಗೆ ಅಂತ ಹೇಗೆ ಕರೆಯೋದು?

ಬೇರೆ ದೇಶಗಳು ಇದಕ್ಕೆ ಸರಳವಾದ ಉಪಾಯ ಮಾಡಿಕೊಂಡಿವೆ. ಬ್ರಿಟನ್ನಿನ 1996ರ ಉದ್ಯೋಗ ಹಕ್ಕುಗಳ ಕಾಯ್ದೆಯ ಪ್ರಕಾರ, ಹೋಗುವಾಗ ನೌಕರ ತನ್ನ ಕಾನೂನುಬದ್ಧ ಹಕ್ಕನ್ನ ಬಿಟ್ಟುಕೊಡೋ ಖಾಸಗಿ ಒಪ್ಪಂದ ನಿಲ್ಲಬೇಕಾದರೆ, ಅವನು ಸ್ವತಂತ್ರ ಸಲಹೆಗಾರರ ಸಲಹೆ ಪಡೆದಿರಲೇಬೇಕು. ಅಮೆರಿಕದಲ್ಲಿ 40 ದಾಟಿದ ನೌಕರರಿಂದ ವಯಸ್ಸಿನ ತಾರತಮ್ಯದ ಕೇಸು ಹಾಕಲ್ಲ ಅಂತ ಬರೆಸಿಕೊಳ್ಳಬೇಕಾದರೆ ಯೋಚಿಸೋಕೆ ಕನಿಷ್ಠ 21 ದಿನ ಕೊಡಬೇಕು, ಸಹಿ ಆದ ಮೇಲೂ 7 ದಿನದೊಳಗೆ ವಾಪಸ್ ತಗೊಳ್ಳಬಹುದು ಅಂತ 1990ರ ಕಾಯ್ದೆ ಹೇಳುತ್ತೆ.

ನಮ್ಮಲ್ಲಿ ಗಾಳಿ ಬೇರೆ ಕಡೆ ಬೀಸ್ತಿದೆ. 2023ರಲ್ಲಿ ಕರ್ನಾಟಕ ಸರ್ಕಾರ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು, ವಾರಕ್ಕೆ 48 ಗಂಟೆಯ ಮಿತಿಯೊಳಗೆ ದಿನಕ್ಕೆ 12 ಗಂಟೆವರೆಗೆ ಕೆಲಸ ಮಾಡಿಸಲು ದಾರಿ ಮಾಡಿತು. ಅದಕ್ಕೊಂದು ರಕ್ಷಣೆ ಅಂತ ಇಟ್ಟಿದ್ದು ಕಾರ್ಮಿಕನ ಲಿಖಿತ ಒಪ್ಪಿಗೆ. ಆ ಒಪ್ಪಿಗೆ ಪತ್ರವನ್ನ ಕೆಲಸಕ್ಕೆ ಸೇರೋ ದಿನವೇ ಉಳಿದ ಕಾಗದಗಳ ಜೊತೆ ಸೇರಿಸಿ ಮುಂದಿಟ್ಟರೆ "ಬೇಡ" ಅನ್ನೋರು ಎಷ್ಟು ಜನ ಸಿಗ್ತಾರೆ?

ಕಂಪನಿಗಳು ಓಡಿಹೋಗಲ್ವಾ?

ನಮ್ಮ ವಾದಕ್ಕೆ ಬರೋ ಉತ್ತರಗಳು ನಮಗೂ ಗೊತ್ತು. "ಇಷ್ಟೆಲ್ಲಾ ಕಾನೂನು ಮಾತಾಡಿದರೆ ಕೋಲಾರಕ್ಕೆ ಯಾರು ಬರ್ತಾರೆ, ಆಂಧ್ರಕ್ಕೋ ತಮಿಳುನಾಡಿಗೋ ಹೋಗ್ತಾರೆ" ಅನ್ನೋದು ಒಂದು. ಗಡಿಯಲ್ಲಿರೋ ನಮಗೆ ಈ ಭಯ ಸುಳ್ಳಲ್ಲ. ಕೃಷ್ಣಗಿರಿಯೂ ಚಿತ್ತೂರೂ ನಮಗೆ ಬಸ್ಸಿನ ದೂರ. ಆದರೆ ನಾವು ಕೇಳ್ತಿರೋದು ಹೊಸ ಹಕ್ಕನ್ನಲ್ಲ, ಈಗಾಗಲೇ ಇಡೀ ದೇಶಕ್ಕೆ ಅನ್ವಯಿಸೋ ಕಾನೂನಿನಲ್ಲಿ ಇರೋದನ್ನ. ಅದನ್ನ ಪಾಲಿಸೋ ಕಂಪನಿಗೆ ಇದರಿಂದ ಒಂದು ರೂಪಾಯಿಯೂ ಹೆಚ್ಚು ಖರ್ಚಿಲ್ಲ. ಪಾಲಿಸದಿದ್ದರೆ ಎಷ್ಟು ಖರ್ಚಾಗುತ್ತೆ ಅಂತ ನರಸಾಪುರ ತೋರಿಸಿದೆ.

ಇನ್ನೊಂದು ಉತ್ತರ, "ಷರತ್ತು ಅಸಿಂಧು ಅಂದಮೇಲೆ ಇದ್ದರೇನು, ಬಿಟ್ಟರೇನು?" ಇದು ಕೇಳೋಕೆ ಸರಿ ಅನಿಸುತ್ತೆ. ಆದರೆ ಅಸಿಂಧು ಅಂತ ಹೇಳಬೇಕಾದದ್ದು ಕೋರ್ಟು. ಅಲ್ಲಿಗೆ ಹೋಗೋಕೆ ವಕೀಲರು ಬೇಕು, ರಜೆ ಬೇಕು, ವರ್ಷಗಟ್ಟಲೆ ತಾಳ್ಮೆ ಬೇಕು. ಕಂಪನಿಯಾದರೋ ಎಲ್ಲಿಗೂ ಹೋಗಬೇಕಿಲ್ಲ. ರಿಲೀವಿಂಗ್ ಲೆಟರ್ ತಡೆಹಿಡಿದರೆ ಸಾಕು, ಮುಂದಿನ ಕೆಲಸ ಕೈತಪ್ಪುತ್ತೆ. ಸತ್ತ ಷರತ್ತು ಕಾಗದದ ಮೇಲೆ ಬದುಕಿರೋ ಥರ ಕಂಡರೆ ಅದರ ಕೆಲಸ ಆಗಿಹೋಯಿತು. "ನಾನೇ ಸಹಿ ಹಾಕಿದ್ದೀನಲ್ಲ" ಅಂತ ನಾವೇ ಸುಮ್ಮನಾಗ್ತೀವಿ.

ಆಗಬೇಕಾದದ್ದು

ಹಾಗಾಗಿ ಸರ್ಕಾರದಿಂದ ನಾವು ಬಯಸೋದು ಇಷ್ಟು. ಕಾನೂನು ಅಸಿಂಧು ಅಂತ ಹೇಳಿರೋ ಷರತ್ತನ್ನ ಗೊತ್ತಿದ್ದೂ ಅಗ್ರಿಮೆಂಟಿನಲ್ಲಿ ಬರೆಯೋದಕ್ಕೇ ದಂಡ ಇರಬೇಕು. ಅಗ್ರಿಮೆಂಟಿನ ಪ್ರತಿ ಸೇರೋ ದಿನಕ್ಕಿಂತ ಕನಿಷ್ಠ ಒಂದು ವಾರ ಮುಂಚೆ, ಕಾರ್ಮಿಕನಿಗೆ ಗೊತ್ತಿರೋ ಭಾಷೆಯಲ್ಲಿ, ಅಂದ್ರೆ ನಮ್ಮ ಜಿಲ್ಲೆಯಲ್ಲಿ ಕನ್ನಡದಲ್ಲಿ ಸಿಗಬೇಕು. ಕೆಲಸದಿಂದ ಹೋಗುವಾಗ ಹಕ್ಕು ಬಿಟ್ಟುಕೊಡೋ ಪತ್ರಕ್ಕೆ ಸಹಿ ಕೇಳಿದರೆ, ಯೋಚಿಸೋಕೆ ದಿನಗಳೂ ಸ್ವತಂತ್ರ ಸಲಹೆಯೂ ಇಲ್ಲದೆ ಅದು ಸಿಂಧುವಾಗಬಾರದು.

ಸಲಹೆ ಎಲ್ಲಿ ಸಿಗುತ್ತೆ ಅಂತ ಕೇಳಬಹುದು. ಪ್ರತಿ ಜಿಲ್ಲೆಯಲ್ಲಿ ಕಾನೂನು ಸೇವಾ ಪ್ರಾಧಿಕಾರ ಇದೆ, ಕೋಲಾರದಲ್ಲೂ ಇದೆ. 1987ರ ಕಾಯ್ದೆಯ ಪ್ರಕಾರ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಕೈಗಾರಿಕಾ ಕಾರ್ಮಿಕರಿಗೆ ಅಲ್ಲಿ ಉಚಿತ ಕಾನೂನು ನೆರವು ಪಡೆಯೋ ಹಕ್ಕಿದೆ. ಕಂಪನಿ ಬಸ್ಸಿಗೆ ಕಾಯ್ತಿರೋ ನಮ್ಮ ಊರಿನ ಅಕ್ಕ, ಅಣ್ಣಂದಿರಲ್ಲಿ ಎಷ್ಟು ಜನರಿಗೆ ಇದು ಗೊತ್ತು?

ಸರ್ಕಾರಕ್ಕೆ ಕಾಯದೆ ನಮ್ಮ ಕ್ಯಾಂಪಸ್ಸಿನಲ್ಲೇ ಮಾಡಬಹುದಾದ ಕೆಲಸವೂ ಇದೆ. ಅನೇಕ ಕಾಲೇಜುಗಳಲ್ಲಿ ಒಂದು ಆಫರ್ ಒಪ್ಪಿಕೊಂಡರೆ ಉಳಿದ ಕಂಪನಿಗಳ ಇಂಟರ್‌ವ್ಯೂಗೆ ಕೂರೋ ಹಾಗಿಲ್ಲ. ಎಲ್ಲರಿಗೂ ಅವಕಾಶ ಸಿಗಲಿ ಅನ್ನೋ ಉದ್ದೇಶ ಒಳ್ಳೆಯದೇ. ಆದರೆ ಆಫರ್ ಒಪ್ಪಿಕೊಳ್ಳೋದು ಏಳನೇ ಸೆಮಿಸ್ಟರಿನಲ್ಲಿ, ಪೂರ್ತಿ ಅಗ್ರಿಮೆಂಟ್ ಕಣ್ಣಿಗೆ ಬೀಳೋದು ಸೇರೋ ದಿನ. ಅಷ್ಟು ಹೊತ್ತಿಗೆ ಬೇರೆ ಬಾಗಿಲೆಲ್ಲ ಮುಚ್ಚಿರುತ್ತೆ. ಬಾಂಡ್, ನೋಟಿಸ್ ಪೀರಿಯಡ್, ಟ್ರೈನಿಂಗ್ ಷರತ್ತು ಎಲ್ಲವೂ ಇರೋ ಪೂರ್ತಿ ಅಗ್ರಿಮೆಂಟನ್ನ ತೋರಿಸೋವರೆಗೆ ಯಾವ ವಿದ್ಯಾರ್ಥಿಯನ್ನೂ ಒಂದು ಆಫರ್‌ಗೆ ಕಟ್ಟಿಹಾಕಬಾರದು ಅಂತ ಪ್ಲೇಸ್‌ಮೆಂಟ್ ಸೆಲ್ ನಿಯಮ ಮಾಡಲಿ. ಇಂಟರ್‌ವ್ಯೂಗೆ ಬರೋ ಕಂಪನಿಯನ್ನ ಒಬ್ಬ ವಿದ್ಯಾರ್ಥಿ ಪ್ರಶ್ನೆ ಕೇಳೋದು ಕಷ್ಟ, ಕಾಲೇಜು ಕೇಳೋದು ಅಷ್ಟು ಕಷ್ಟ ಅಲ್ಲ.

ನಮ್ಮ ಕನ್ನಡ ಸಂಘಕ್ಕೂ ಒಂದು ಕೆಲಸ ಇದೆ. ರಾಜ್ಯೋತ್ಸವಕ್ಕೆ ಬಾವುಟ ಕಟ್ಟೋದು, ಹಾಡು, ನಾಟಕ ಎಲ್ಲಾ ಇರಲಿ. ಅದರ ಜೊತೆಗೆ ಕೆಲಸದ ಅಗ್ರಿಮೆಂಟಿನಲ್ಲಿ ಪದೇಪದೇ ಬರೋ ಮೂವತ್ತು ನಲವತ್ತು ಇಂಗ್ಲಿಷ್ ಮಾತುಗಳಿಗೆ ಸರಳ ಕನ್ನಡದಲ್ಲಿ ಅರ್ಥ ಬರೆದು ಒಂದು ಹಾಳೆ ಮಾಡೋಣ. ವಕೀಲರೊಬ್ಬರಿಗೆ ತೋರಿಸಿ ತಿದ್ದಿಸೋಣ. ನಮ್ಮ ಫೈನಲ್ ಇಯರಿನವರಿಗೂ ಕೊಡೋಣ, ನರಸಾಪುರ, ವೇಮಗಲ್, ಮಾಲೂರಿಗೆ ಹೋಗೋ ನಮ್ಮ ಊರಿನ ಗೆಳೆಯರ ವಾಟ್ಸಾಪಿಗೂ ಕಳಿಸೋಣ. ಮುಂದಿನ ಶನಿವಾರ ಸಂಘದ ಮೀಟಿಂಗ್‌ಗೆ ಬರೋರು ತಮಗೆ ಅಥವಾ ಮನೆಯವರಿಗೆ ಸಿಕ್ಕಿರೋ ಅಗ್ರಿಮೆಂಟಿನ ಪ್ರತಿ ಇದ್ದರೆ ಹೆಸರು ಅಳಿಸಿ ತನ್ನಿ. ಅಲ್ಲಿಂದಲೇ ಶುರು ಮಾಡೋಣ.